ಮಂಡಿ ಬಿಟ್ಟು ಹೋದ ನೋವು

1942ನೇ ಇಸವಿಯ ಕಾರ್ತಿಕದ ಒಂದು ಬೆಳಿಗ್ಗೆ ನಾನೂ ನನ್ನ ತಂಗಿ ಗಿರಿಜಳೂ ರಾಗಿ ಬೀಸುತ್ತಿದ್ದೆವು. ಹೊಳೆನರಸೀಪುರದ ಹತ್ತಿರ ನಮ್ಮೂರು. ಎದುರುಬದುರು ಕೂತು ಕಲ್ಲಿನ ಗೂಟವನ್ನು ಇಬ್ಬರೂ ಹಿಡಿಯುತ್ತಿದ್ದೆವು. ಬೀಸುವ ಪದದ ಒಂದು ಸಾಲು ನಾನು ಹೇಳಿದರೆ ಮುಂದಿನದು ಅವಳದು. ಅವಳಿಗಾಗ ಹನ್ನೆರಡು ವರ್ಷ. ಆ ದಿನ ಗಂಟಲು ನೋವಿನಿಂದ ದನಿ ಒಡೆದು ಬರುತ್ತಿತ್ತು.

"ಕಾಗೆ ಬಂತಲ್ಲೇ ಮನೆ ಒಳೀಕೆ" ಎಂದು ನಕ್ಕೆ. ಉಪ್ಪುನೀರು ಮುಕ್ಕಳಿಸಿದಳು. ನಾಲ್ಕು ದಿನಕ್ಕೆ ಗಂಟಲು ವಾಸಿಯಾಯಿತು.

ಹದಿನೈದು ದಿನ ಕಳೆದಿರಬೇಕು. ಗಿರಿಜಳಿಗೆ ಜ್ವರ ಬಂತು. ಬಲಮಂಡಿ ಊದಿ ಕೆಂಪಾಯಿತು. ಕಂಬಳಿ ತಾಗಿದರೂ ಚೀರುವಳು. ಎರಡು ದಿನಕ್ಕೆ ಮಂಡಿ ಇಳಿದು ಎಡಗಾಲಿನ ಗಿಣ್ಣು ಊದಿತು, ಆಮೇಲೆ ಮಣಿಕಟ್ಟು.

"ವಾಯು ಕಣವ್ವಾ ಇದು. ಎದರ್ಕಂಡು ಓಡ್ತಾ ಐತೆ, ಇನ್ನೂ ಓಡ್ಸು" ಎಂದರು ಅಜ್ಜಿ. ಹರಳೆಣ್ಣೆ ಹಚ್ಚಿ ಲಕ್ಕಿಸೊಪ್ಪಿನ ಶಾಖ ಕೊಡುವುದು ನನ್ನ ಕೆಲಸ. ನೋವು ಒಂದೊಂದು ಕೀಲು ಬಿಟ್ಟಾಗಲೂ ನನಗೆ ಗೆದ್ದಷ್ಟು ಸಂತೋಷ. ಮೂರನೆಯ ವಾರ ಎಲ್ಲ ಕೀಲೂ ಸರಿಹೋದವು. ಅಜ್ಜಿ ದೃಷ್ಟಿ ತೆಗೆದು, "ಓಯ್ತು ಪೀಡೆ. ಇನ್ನು ಮಲಗ್ಸಿದ್ರೆ ಕೀಲು ಇಡ್ಕತ್ತವೆ, ಕೆಲ್ಸ ಮಾಡ್ಸು" ಎಂದರು.

ನಾನೇ ಅವಳನ್ನು ಕಲ್ಲಿನ ಮುಂದೆ ಕೂರಿಸಿದೆ. ಹತ್ತು ಸುತ್ತು ತಿರುಗಿಸುವಷ್ಟರಲ್ಲೇ ಗೂಟ ಬಿಟ್ಟಳು.

"ಕಲ್ಲು ಭಾರ ಆಗೈತೆ ಕಣಕ್ಕಾ."

"ಕಲ್ಲೇನು ಬೆಳೀತದೇನೇ? ನಿನ್ ಸೋಮಾರಿತನ ಬೆಳ್ದೈತೆ!"

ಅವಳೂ ನಕ್ಕಳು. ನಗುವಾಗಲೂ ಏದುಸಿರು ಬರುತ್ತಿತ್ತು. ಆದರೂ ಮತ್ತೆ ಗೂಟ ಹಿಡಿದಳು. ಹೀಗೇ ಹತ್ತು ಹನ್ನೆರಡು ದಿನ ನಡೆಯಿತು. ಒಂದು ಬೆಳಿಗ್ಗೆ ಮಲಗಲಾರದೆ ಗೋಡೆಗೊರಗಿ ಕೂತಿದ್ದಳು, ಪಾದಗಳು ಬಾತಿದ್ದವು. ಅಪ್ಪ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಹಾಸನಕ್ಕೆ ಕರೆದೊಯ್ದರು.

ಡಾಕ್ಟರಿಗೆ ಅವಳ ಮಂಡಿ ತೋರಿಸಿ, "ಇಲ್ಲಿ ನೋವಿತ್ತು ಸಾ, ಈಗಿಲ್ಲ" ಎಂದೆ. ಅವರು ಮಂಡಿಯ ಕಡೆ ನೋಡಲೇ ಇಲ್ಲ. ಎದೆಗೆ ಕೊಳವೆಯಿಟ್ಟು ತುಂಬಾ ಹೊತ್ತು ಕೇಳಿದರು.

"ಮೊದಲು ಗಂಟಲು ನೋವು ಬಂದಿತ್ತಾ?"

ಇವರಿಗೆ ಹೇಗೆ ಗೊತ್ತಾಯಿತೆಂದು ಬೆಚ್ಚಿದೆ. ಹೌದೆಂದೆ.

"ಕೀಲುನೋವು ಹೋದ ಮೇಲೆ ಮಲಗಿಸಿದ್ರಾ?"

"ಇಲ್ಲ ಸಾ, ರಾಗಿ ಬೀಸ್ಕಂಡು ಚೆನ್ನಾಗೇ ಇದ್ಲು" ಎಂದರು ಅಪ್ಪ.

ಡಾಕ್ಟರು ಕನ್ನಡಕ ತೆಗೆದು, ಅಪ್ಪನನ್ನು ಪಕ್ಕಕ್ಕೆ ಕರೆದರು. ನಾನೂ ಹೋದೆ. "ಇದು ಕೀಲುವಾಯು ಜ್ವರ, ಗಂಟಲು ನೋವಿನ ಹಿಂದೆ ಬರುತ್ತೆ. ಕೀಲು ಬಿಟ್ಟರೂ ಹೃದಯ ಬಿಡೋದಿಲ್ಲ. ತಿಂಗಳುಗಟ್ಟಲೆ ಮಲಗಿಸಬೇಕಿತ್ತು."

ಅವರು ಮುಂದೆ ಹೇಳಿದ್ದು ನನಗೆ ಕೇಳಿಸಲಿಲ್ಲ. ನನ್ನ ಕೈಗಳನ್ನೇ ನೋಡುತ್ತಾ ನಿಂತೆ. ನೋವನ್ನು ಓಡಿಸಿದೆನೆಂದು ಹಿಗ್ಗಿದ್ದ ನಾನು, ಅದು ಎಲ್ಲಿಗೆ ಹೋಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಏನಂದ್ರಕ್ಕಾ? ಮಂಡಿ ವಾಸಿಯಾಗೈತಂತಾ?" ಎಂದು ಗಿರಿಜ ಬೆಂಚಿನಿಂದಲೇ ಕೇಳಿದಳು.

"ಊಂ" ಎಂದೆ.

ಐದನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡಳು.

ಜ್ವರದೊಂದಿಗೆ ಮಗುವಿನ ಕೀಲು ಊದಿ, ನೋವು ಜಾಗ ಬದಲಿಸಿತೆಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಡಾಕ್ಟರಿಗೆ ಎದೆ ತೋರಿಸಿ, ನೋವು ಹೋದರೂ ಮಗುವನ್ನು ಎಬ್ಬಿಸಬೇಡಿ ಎನ್ನುತ್ತೇನೆ. ಮಂಡಿಗೂ ಎದೆಗೂ ಏನು ಸಂಬಂಧವೆಂದು ಕೆಲವರು ನಗುತ್ತಾರೆ.

ಆ ಬೀಸುವ ಕಲ್ಲು ನನ್ನ ಬಳಿಯೇ ಇದೆ. ಒಬ್ಬಳೇ ಬೀಸುತ್ತೇನೆ. ನನ್ನ ಸಾಲು ಹೇಳಿ ನಿಲ್ಲುತ್ತೇನೆ. ಮುಂದಿನ ಸಾಲು ಗಿರಿಜಳದು. ಅದು ನನ್ನ ಬಾಯಿಗೆ ಬರುವುದಿಲ್ಲ.