ಯೂರಿಯಾ ಪಂಪಿನ ಸಂಶಯ

ಕೆಂಪುಕಲ್ಲು ಸಾಗಿಸುವ ಲಾರಿಯೊಂದು ನಾನು ಮೆಕ್ಯಾನಿಕ್ ಆಗಿರುವ ಸೀತಾಂಗೋಳಿಯ ವರ್ಕ್‌ಶಾಪಿಗೆ ಮದುಮಗಳ ನಿಧಾನ ನಡಿಗೆಯಲ್ಲಿ ಬಂತು. ಹೊಗೆ ಶುದ್ಧವಾಗಲೆಂದು ಸೈಲೆನ್ಸರಿಗೆ ಯೂರಿಯಾ ದ್ರವ ಕಳಿಸುವ ಪಂಪು ನಿಂತರೆ ಈಗಿನ ಲಾರಿಗಳ ಎಂಜಿನ್ ಹೀಗೆಯೇ ಮುನಿಸಿಕೊಳ್ಳುತ್ತದೆ.

ಹಿಂದೆಯೇ ಸ್ಕೂಟರಿನಲ್ಲಿ ಬಂದ ಲಾರಿಯ ಧಣಿ ಡ್ರೈವರನ ಕೈಯಿಂದ ಕೀ ಕಸಿದುಕೊಂಡರು.

“ಇವ ಯೂರಿಯಾ ಮಾರಿ ಬಾವಿನೀರು ತುಂಬಿಸಿದ್ದಾನೆ. ಹೌದಾದ್ರೆ ನಾಳೆಯಿಂದ ಇವ ಕೆಲಸಕ್ಕೆ ಬರುವುದು ಬೇಡ.”

“ಇಲ್ಲ ಧಣೀ,” ಎಂದು ನೆಕ್ರಾಜೆಯ ಆ ಡ್ರೈವರ್ ರಾಗ ಎಳೆದ.

ಪ್ರತಿ ಮಾತಿನ ಕೊನೆಗೆ ಧಣಿ ಹಾಕುವ ಕೆಮ್ಮನ್ನು ಅವರ ಬೆನ್ನ ಹಿಂದೆ ಡ್ರೈವರನಿಗೆ ಅಣಕಿಸಿ ತೋರಿಸಿದೆ. ಯಾವಾಗಲೂ ನಗುವ ಡ್ರೈವರ್ ಅಂದು ನಗಲಿಲ್ಲ.

ದ್ರವ ಪರೀಕ್ಷಿಸಿದೆ. ನೀರು ಬೆರೆತಿಲ್ಲ ಎಂದೆ.

“ನೀವಿಬ್ಬರು ಒಟ್ಟಿಗೆ ಚಾ ಕುಡಿಯುವವರಲ್ವಾ?” ಎಂದರು ಧಣಿ. ಸಂಶಯ ಈಗ ನನ್ನ ಮೇಲೂ ಬಂತು.

ಹೃದಯದ ಡಾಕ್ಟರನ ಮುಖ ಹಾಕಿ ಪಂಪಿನ ಪ್ಲಗ್ಗಿಗೆ ಮೀಟರ್ ಹಿಡಿದೆ. ಆ ಮುಖವೂ ಸ್ವಂತದ್ದಲ್ಲ, ಯಾರದ್ದೋ ನಕಲು. ವೋಲ್ಟೇಜು ಸರಿಯಿತ್ತು. ಆದರೆ ಕೆಲಸ ಕೊಡುವವರೆಗೆ ಎಲ್ಲ ತಂತಿಯೂ ನನ್ನ ಹಾಗೆ, ಭಾರೀ ಉತ್ಸಾಹಿ. ಪಂಪಿನ ಬದಲು ಒಂದು ಹೆಡ್‌ಲೈಟ್ ಬಲ್ಬನ್ನು ಜೋಡಿಸಿದೆ. ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೇ. ಕರೆಂಟು ಹಿಂದಿರುಗುವ ತಂತಿಯನ್ನು, ಅಂದರೆ ಬಲ್ಬಿನ ಅರ್ಥ್ ತಂತಿಯನ್ನು, ನೇರವಾಗಿ ಬ್ಯಾಟರಿಯ ನೆಗೆಟಿವಿಗೆ ಮುಟ್ಟಿಸಿದಾಗ ಕಣ್ಣು ಕುಕ್ಕುವ ಬೆಳಕು. ಹಾಗಾದರೆ ತೊಂದರೆ ಪಂಪಿನದ್ದಲ್ಲ, ಅರ್ಥಿನದ್ದು.

ಲಾರಿಯ ಅಡಿಗೆ ನುಸುಳಿದೆ. ಚಾಸಿಯ ಕಬ್ಬಿಣದ ಚೌಕಟ್ಟಿಗೆ ಮಿರಮಿರ ಮಿಂಚುವ ಹೊಸ ಹಸಿರು ಬಣ್ಣ. ಅರ್ಥ್ ತಂತಿಯ ಬೋಲ್ಟು ಬಿಚ್ಚಿದರೆ ಅದರ ಕೆಳಗೂ ದಪ್ಪ ಬಣ್ಣ. ತಂತಿಗೆ ಕಬ್ಬಿಣ ಸರಿಯಾಗಿ ತಾಗುತ್ತಲೇ ಇರಲಿಲ್ಲ.

“ಬೋಲ್ಟು ಬಿಚ್ಚಿ ಬಣ್ಣ ಹಚ್ಚಿದ್ದು ಯಾರು?” ಎಂದು ಕೇಳುತ್ತಾ ನಾನೂ ಡ್ರೈವರನನ್ನೇ ನೋಡಿದೆ.

ಅವನು ಧಣಿಯನ್ನು ನೋಡಿದ. ಆಯುಧಪೂಜೆಗೆ ಲಾರಿಯ ಅಡಿಗೆ ಬಣ್ಣ ಬಳಿಯುವ ಕೆಲಸವನ್ನು ಧಣಿ ಯಾರಿಗೂ ಬಿಟ್ಟುಕೊಡುವವರಲ್ಲ. ಚಾಪೆ ಹಾಸಿ ತಾವೇ ಮಲಗುತ್ತಾರೆ.

“ತುಕ್ಕು ಬರಬಾರದು ಅಂತ...” ಎಂದವರಿಗೆ ಕೆಮ್ಮು ಮಾತಿನ ನಡುವೆಯೇ ಬಂತು.

ಬಣ್ಣ ಕೆರೆದು ಬೋಲ್ಟು ಬಿಗಿದೆ. ಎಂಜಿನ್ ಬಿಸಿಯಾಗುತ್ತಲೇ ಪಂಪು ಗುನುಗತೊಡಗಿತು. ಧಣಿ ಕೀ ಚಾಚಿದರು. ಡ್ರೈವರ್ ಲುಂಗಿಗೆ ಕೈ ಒರೆಸಿಕೊಳ್ಳುತ್ತಾ ಅವರನ್ನು ಸ್ವಲ್ಪ ಹೊತ್ತು ಕಾಯಿಸಿದ.

“ಮುಂದಿನ ಪೂಜೆಗೆ ಹೂ ಮಾತ್ರ ಸಾಕು,” ಎಂದು ಕೀ ತೆಗೆದುಕೊಂಡು ಲಾರಿ ಹತ್ತಿ ಹೋದ.

ಧಣಿ ಧೂಳು ನೋಡುತ್ತಾ ನಿಂತರು.

“ಎಂತ ಮಾರಾಯ, ಅವ ನನ್ನನ್ನು ನೋಡಿ ನಗಾಡಿದ್ದಾ?”

“ಇಲ್ಲ ಧಣೀ,” ಎಂದೆ, ಡ್ರೈವರನದೇ ರಾಗದಲ್ಲಿ.