ಹುಬ್ಬಿಲ್ಲದ ಭಾಯ್ ಕಟ್ಟಿಕೊಟ್ಟ ಬೆಂಕಿ

ಅವರ ಮುಖದಲ್ಲಿ ಹುಬ್ಬು ಇರಲಿಲ್ಲ. ಹುಬ್ಬಿರಬೇಕಾದ ಜಾಗದಲ್ಲಿ ನುಣ್ಣಗೆ ಹೊಳೆಯುವ ಚರ್ಮ, ಅದರ ಕೆಳಗೆ ಸುರ್ಮಾ ಹಚ್ಚಿದ ದೊಡ್ಡ ಕಣ್ಣು. ಹೀಗಾಗಿ ಸುಮ್ಮನೆ ನಿಂತಿದ್ದರೂ ಈಗತಾನೇ ಏನೋ ಆಶ್ಚರ್ಯದ ಸುದ್ದಿ ಕೇಳಿದವರ ಹಾಗೆ ಕಾಣುತ್ತಿದ್ದರು. ಬಲಗಿವಿಯ ಮೇಲೆ, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ, ಯಾವಾಗಲೂ ಒಂದು ಸ್ಟೌ ಪಿನ್ನು. ಸೀಮೆಎಣ್ಣೆ ಸ್ಟೌವಿನ ತೂತು ಕಟ್ಟಿಕೊಂಡರೆ ಚುಚ್ಚಿ ಬಿಡಿಸುತ್ತಿದ್ದೆವಲ್ಲ, ಆ ತಗಡಿನ ಹಿಡಿಯ ಸೂಜಿ. ಶಿವಾಜಿನಗರದ ಗುಜರಿ ಸಾಲಿನ ಹಿಂದೆ ಅವರ ರಿಪೇರಿ ಅಂಗಡಿ. ಊರಿಗೆಲ್ಲ ಅವರು ಸ್ಟೌ ಭಾಯ್, ನಮ್ಮ ಮನೆಯಲ್ಲಿ ಬರೀ ಭಾಯ್.

ನಾನು ಕಮ್ಮಾರ. ರಾಯಚೂರು ಕಡೆಯಿಂದ ಬಂದು ಹಲಸೂರಿನಲ್ಲಿ, ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಕುಲುಮೆ ಹಾಕಿಕೊಂಡಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಇಂದಿರಾನಗರದ ಕಡೆ ಎಲ್ಲಿ ಕಾಲಿಟ್ಟರೂ ಮನೆ ಕಟ್ಟುತ್ತಿದ್ದರು. ಕಲ್ಲು ಕೆಲಸದವರ ಉಳಿ, ಹಾರೆ, ಪಿಕಾಸಿ ದಿನಾ ಮೊಂಡಾಗುತ್ತಿದ್ದವು, ದಿನಾ ನಮ್ಮ ಬಾಗಿಲಿಗೆ ಬರುತ್ತಿದ್ದವು. ನಾನು ಕಾದ ಕಬ್ಬಿಣವನ್ನು ಇಕ್ಕುಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಎಲ್ಲಿ ಬೀಳಬೇಕೆಂದು ತೋರಿಸಿದರೆ, ನನ್ನ ಹೆಂಡತಿ ದೊಡ್ಡ ಸುತ್ತಿಗೆ ಎತ್ತಿ ಸರಿಯಾಗಿ ಅಲ್ಲೇ ಬೀಳಿಸುತ್ತಿದ್ದಳು. ನಮ್ಮಲ್ಲಿ ಗಂಡ ಹೆಂಡತಿ ಜಗಳವಾಡಿದ ದಿನ ಕುಲುಮೆಗೆ ರಜೆ. ಅಷ್ಟು ದೊಡ್ಡ ಸುತ್ತಿಗೆ ಅವಳ ಕೈಯಲ್ಲಿರುವಾಗ ಬುದ್ಧಿ ಇರುವ ಗಂಡಸು ಎದುರು ಕೂರುವುದಿಲ್ಲ.

ಮನೆಯ ಓನರಮ್ಮ ಆ ವರ್ಷ ಮೇಲೆ ಹೊಸ ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟರು. ನಮ್ಮ ಕಲ್ಲಿದ್ದಲ ಹೊಗೆ ನೆಟ್ಟಗೆ ಆ ಬಾಲ್ಕನಿಗಳಿಗೇ ಏರುತ್ತಿತ್ತು. ಮೇಲಿನವರು ಒಣಹಾಕಿದ ಬಟ್ಟೆ ಸಂಜೆಗೆ ಬೂದು ಬಣ್ಣ. ಓನರಮ್ಮ ಜಗಳಗಂಟಿಯಲ್ಲ, ಅದೇ ಭಯವಾದದ್ದು. ಮೆತ್ತಗೆ ಹೇಳಿದರು: "ದಸರಾ ತನಕ ಟೈಮ್ ಕೊಡ್ತೀನಪ್ಪ. ವಿಜಯದಶಮಿ ದಿನ ನಾನೇ ಬಂದು ನೋಡ್ತೀನಿ. ಹೊಗೆ ಇದ್ರೆ ಶೆಡ್ ಖಾಲಿ ಮಾಡ್ಬಿಡಿ."

ಶೆಡ್ ಹೋದರೆ ಕುಲುಮೆ ಹೋಯಿತು. ಮನೆಗಳ ನಡುವೆ ಕಮ್ಮಾರನಿಗೆ ಜಾಗ ಕೊಡುವವರು ಯಾರು? ಹೊಗೆ ಕಡಿಮೆಯಾದೀತೆಂದು ಒಂದು ಒಳ್ಳೆಯ ಗಾಳಿ ಯಂತ್ರ ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆ. ಅಲ್ಲಿ ಮದುವೆ ಬಿರಿಯಾನಿಯ ದೊಡ್ಡ ಗ್ಯಾಸ್ ಒಲೆಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ ಭಾಯ್, ನಾನು ಪಕ್ಕದ ಅಂಗಡಿಯವನ ಹತ್ತಿರ ಹೇಳಿಕೊಳ್ಳುತ್ತಿದ್ದ ಗೋಳನ್ನು ಪೂರ್ತಿ ಕೇಳಿಸಿಕೊಂಡರು. ಯಾರೂ ಕೇಳದಿದ್ದರೂ ಅಭಿಪ್ರಾಯ ಕೊಡುವುದು ಅವರ ಹುಟ್ಟುಗುಣ. ಕಲ್ಲಿದ್ದಲು ಬಿಟ್ಟು ಗ್ಯಾಸಿನಲ್ಲಿ ಕಬ್ಬಿಣ ಕಾಯಿಸಬಹುದು, ತಾನು ಮಾಡಿಕೊಡುತ್ತೇನೆ ಎಂದರು. ಹಿಂದೆ ಮಾಡಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು, ಮಾಡಿದ್ದೇನೆ ಎನ್ನುವಷ್ಟೇ ಧೈರ್ಯದಿಂದ.

ಮರುದಿನವೇ ಆಟೋದಲ್ಲಿ ಒಲೆ ಹೇರಿಕೊಂಡು ಬಂದರು. ಬಂದವರು ಮೊದಲು ನಮಗೊಂದು ಪಾಠ ಹೇಳಿದರು. "ಮೊದ್ಲು ಕಡ್ಡಿ ಗೀರಿ, ಆಮೇಲೆ ಗ್ಯಾಸ್ ತಿರುಗ್ಸಿ. ಉಲ್ಟಾ ಮಾಡ್ಬೇಡಿ, ಉಸ್ತಾದ್." ಕಡ್ಡಿ ಹುಡುಕುವವರೆಗೆ ಗ್ಯಾಸ್ ಕಾಯುವುದಿಲ್ಲ ಎಂಬುದು ಅವರ ವಿವರಣೆ. ನನ್ನ ಹೆಂಡತಿಗೆ ಸುಮ್ಮನಿರಲಾಗಲಿಲ್ಲ.

"ಹಂಗಾದ್ರ ನಿಮ್ಮ ಹುಬ್ಬು ಎಲ್ಲಿ ಹೋದ್ವು, ಭಾಯ್?"

"ಈ ಪಾಠ ಕಲಿಯಕ್ಕೆ ಕೊಟ್ಟ ಫೀಸ್ ತಂಗಿ, ಅದು."

ಆ ಕ್ಷಣದಿಂದ ಅವಳು ಅವರಿಗೆ ತಂಗಿ. ನಾನು ಮಾತ್ರ ಕೊನೆಯವರೆಗೂ ಉಸ್ತಾದ್ ಆಗಿಯೇ ಉಳಿದೆ, ಅದೂ ಅರ್ಧ ತಮಾಷೆಗೆ.

ಬಿರಿಯಾನಿ ಒಲೆ ಭರ್ಜರಿಯಾಗಿ ಉರಿಯಿತು. ಆದರೆ ಉಳಿ ಮಂಕುಗೆಂಪಿನಿಂದ ಮುಂದೆ ಹೋಗಲಿಲ್ಲ. ಸುತ್ತಿಗೆಯ ಏಟಿಗೆ ಅದು ಜಗ್ಗಲೇ ಇಲ್ಲ. ಕಾವೆಲ್ಲ ಶೆಡ್ಡಿನ ತುಂಬ ಹರಡಿ, ಕಬ್ಬಿಣದ ಬದಲು ನಾವೇ ಬೆಂದೆವು. ಭಾಯ್ ಮುಖ ಬಾಡಿತು. ಒಂದು ಲೋಟ ಚಹಾ ಹಿಡಿದು ಒಲೆಯನ್ನೇ ದಿಟ್ಟಿಸುತ್ತ ಕೂತವರು ಇದ್ದಕ್ಕಿದ್ದ ಹಾಗೆ ಎದ್ದು ನಿಂತರು. ಚಹಾ ಜುಬ್ಬಾದ ಮೇಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ.

"ದಮ್, ಉಸ್ತಾದ್. ಬಿರಿಯಾನಿಗೆ ದಮ್ ಹೆಂಗೆ ಕೊಡ್ತಾರೆ? ಡೇಗ್ಚಿಗೆ ಮುಚ್ಚಳ ಮುಚ್ಚಿ ಹಿಟ್ಟು ಮೆತ್ತಿ ಕಾವು ಒಳಗೇ ಕೂಡಾಕ್ತಾರೆ ತಾನೆ? ನಿಮ್ ಕಬ್ಬಿಣಕ್ಕೂ ಒಂದು ಡೇಗ್ಚಿ ಕಟ್ಬೇಕು."

ಆಮೇಲಿನ ದಿನಗಳ ಸಂಭ್ರಮ ಏನು ಹೇಳಲಿ! ಮದುವೆ ಮನೆಯಲ್ಲೂ ನಾನು ಅಷ್ಟು ಓಡಾಡಿಲ್ಲ. ಹಳೆಯ ಎಣ್ಣೆ ಡ್ರಮ್ ಕೊಯ್ದು ಗಿಡ್ಡ ಮಾಡಿದೆವು. ಬೇಕರಿ ಒಲೆ ಕಟ್ಟುವವರ ಕೈಕಾಲು ಹಿಡಿದು, ಬೆಂಕಿಗೆ ಬಿರಿಯದ ಇಟ್ಟಿಗೆಯನ್ನೂ ಅದಕ್ಕೆ ಮೆತ್ತುವ ಮಣ್ಣನ್ನೂ ತಂದೆವು. ಡ್ರಮ್ಮಿನ ಒಳಗೆ ಗೂಡಿನ ಹಾಗೆ ಕಟ್ಟಿ, ಮುಂದೆ ಉಳಿ ತೂರುವಷ್ಟು ಬಾಯಿ ಬಿಟ್ಟೆವು. ಮೇಲಿನಿಂದ ಇಳಿಯಬೇಕಾದ ಬರ್ನರ್‌ಗೆ ಭಾಯ್ ನೀರಿನ ಕೊಳಾಯಿಯ ಕಬ್ಬಿಣದ ಪೈಪು ಆರಿಸಿದರು. ಪೈಪಿನ ಹಿಂತುದಿಯ ಸುತ್ತ ಗಾಳಿಗೆಂದು ದೊಡ್ಡ ತೂತುಗಳು, ಆ ತೂತುಗಳ ನಟ್ಟನಡುವೆ ಗ್ಯಾಸ್ ಚಿಮ್ಮುವ ಒಂದು ಹಿತ್ತಾಳೆಯ ಜೆಟ್ಟು. ಜೆಟ್ಟಿನ ಕಣ್ಣು ಸ್ಟೌ ಪಿನ್ನು ತೂರುವಷ್ಟೇ ಸಣ್ಣದು. ಅದು ಕೂದಲೆಳೆಯಷ್ಟು ಓರೆಯಾದರೂ ಉರಿ ಕೆಡುತ್ತಿತ್ತು. ಬಿಚ್ಚುವುದು, ಕೂರಿಸುವುದು, ಹಚ್ಚುವುದು, ಬೈದುಕೊಳ್ಳುವುದು, ಮತ್ತೆ ಬಿಚ್ಚುವುದು. ಬೈಗುಳ ದಖ್ಖನಿಯಲ್ಲಿ, ಕೆಲಸ ಕನ್ನಡದಲ್ಲಿ, ಅಂಗಡಿಯವರ ಹತ್ತಿರ ಚೌಕಾಶಿ ತಮಿಳಿನಲ್ಲಿ.

ನನಗೊಂದು ಅನುಮಾನ ಮಾತ್ರ ಹೋಗಿರಲಿಲ್ಲ. ಗಾಳಿ ಊದದೆ ಕುಲುಮೆ ಉರಿಯುವುದುಂಟೇ? ನಮ್ಮಜ್ಜ ತಿದಿ ಒತ್ತಿದವರು, ನಾನು ಗಾಳಿ ಚಕ್ರ ತಿರುಗಿಸಿದವನು. ಗ್ಯಾಸೇ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ ಎಂದು ಭಾಯ್ ಹೇಳಿದರೆ ನಂಬಿಕೆ ಬರಲಿಲ್ಲ. ಅವರು ನನ್ನನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ನಿಲ್ಲದೆ ಓಡುವ ರೈಲಿನ ಹಿಂದೆ ಕಾಗದದ ಚೂರುಗಳೆಲ್ಲ ಎದ್ದು ಓಡುವುದನ್ನು ತೋರಿಸಿದರು. ರೈಲು ಅಂದರೆ ಗ್ಯಾಸು, ಕಾಗದ ಅಂದರೆ ಗಾಳಿ. ಇಬ್ಬರು ಬೆಳೆದ ಗಂಡಸರು ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಕಸ ಹಾರುವುದನ್ನು ನೋಡಿ ಖುಷಿಪಟ್ಟು ಬಂದೆವು.

ಆಯುಧಪೂಜೆಯ ಹಿಂದಿನ ದಿನ ಅದು ಸರಿಯಾಗಿ ಹತ್ತಿಕೊಂಡಿತು. ಭಾಯ್ ಕಡ್ಡಿ ಗೀರಿ ಒಳಗೆ ಹಿಡಿದರು, ಆಮೇಲೆ ಗ್ಯಾಸ್ ತಿರುಗಿಸಿದರು. ಮೊದಲು ಫಡಫಡ, ಆಮೇಲೆ ಒಂದೇ ಸಮನಾದ ಗೊರ್ ಎಂಬ ಸದ್ದು. ಅವರು ಕಿವಿಯ ಹಿಂದೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೇಳುತ್ತ ನಿಂತರು. ಒಳಗೆ ಉರಿ ನೀಲಿ, ಸುತ್ತಲ ಇಟ್ಟಿಗೆ ಕೆಂಪು, ಆಮೇಲೆ ಕಿತ್ತಳೆ. ಹೊಗೆಯೇ ಇಲ್ಲ. ಉಳಿ ನೋಡನೋಡುತ್ತಲೇ ಹಳದಿಗೆ ತಿರುಗಿತು. ನನ್ನ ಎಡಗೈ ಅಭ್ಯಾಸಬಲದಿಂದ ಇಲ್ಲದ ಗಾಳಿ ಚಕ್ರವನ್ನು ಗಾಳಿಯಲ್ಲೇ ತಿರುಗಿಸುತ್ತಿತ್ತಂತೆ, ನನ್ನ ಹೆಂಡತಿ ಇವತ್ತಿಗೂ ಅದನ್ನು ಅಣಕಿಸುತ್ತಾಳೆ. ಅವಳು ಹೊಡೆದ ಏಟಿಗೆ ಕಬ್ಬಿಣ ಬೆಣ್ಣೆಯ ಹಾಗೆ ಒಪ್ಪಿಕೊಂಡಿತು. ತಾನೂ ಒಂದು ಏಟು ಹಾಕುತ್ತೇನೆಂದು ಹಟ ಹಿಡಿದ ಭಾಯ್, ಉಳಿಯನ್ನು ಬಿಟ್ಟು ಅದರ ಕೆಳಗಿನ ಅಡಿಗಲ್ಲಿಗೆ ಹೊಡೆದು ಕೈ ಒದರಿಕೊಂಡು ಕುಣಿದರು. ನಾವೂ ಕುಣಿದೆವು.

ಮರುದಿನ ಪೂಜೆ. ಆಯುಧಗಳಿಗೆ ಅಂದು ವಿಶ್ರಾಂತಿ, ಬೆಂಕಿ ಹಚ್ಚುವ ಹಾಗಿಲ್ಲ. ಸುತ್ತಿಗೆ, ಇಕ್ಕುಳ, ಅಡಿಗಲ್ಲು ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಬರ್ನರ್‌ಗೆ ಇದು ಮೊದಲ ಹಬ್ಬ. ಮನೆಗೆ ಬಂದ ಹೊಸ ಸೊಸೆಗೆ ಮಾಡುವಷ್ಟು ಉಪಚಾರ ಅದಕ್ಕೆ ನಡೆಯಿತು. ನನ್ನ ಹೆಂಡತಿ ಅರಿಶಿನ ಕಲಸಿ ಪೈಪಿಗೆಲ್ಲ ದಪ್ಪಗೆ ಬಳಿದಳು, ಕಂಡ ಕಂಡ ತೂತಿಗೆಲ್ಲ ಕುಂಕುಮ ಮೆತ್ತಿದಳು. ಬೋಳಾಗಿ ಕಾಣುತ್ತದೆ, ಇನ್ನಷ್ಟು ಹಚ್ಚು ಎಂದು ಹೇಳಿದವನು ನಾನೇ.

ವಿಜಯದಶಮಿಯ ಬೆಳಿಗ್ಗೆ ಓನರಮ್ಮ ಬಂದು ನಿಂತರು. ಮೇಲಿನ ಬಾಲ್ಕನಿಗಳಿಂದ ತಲೆಗಳು ಇಣುಕಿದವು. ನಾನು ಠೀವಿಯಿಂದ ಕಡ್ಡಿ ಗೀರಿ ಗ್ಯಾಸ್ ತಿರುಗಿಸಿದೆ. ಆ ಸದ್ದು ಬರಲಿಲ್ಲ. ಸೋಮಾರಿ ಹಳದಿ ಉರಿಯೊಂದು ಬಾಯಿಂದ ನಾಲಗೆ ಹೊರಚಾಚಿತು, ಅದರ ತುದಿಯಿಂದ ಕಪ್ಪು ಮಸಿ ಎಳೆಎಳೆಯಾಗಿ ಮೇಲೆದ್ದು, ಹಬ್ಬಕ್ಕೆಂದು ಒಗೆದು ಹಾಕಿದ್ದ ಬಿಳಿ ಹೊದಿಕೆಗಳ ಕಡೆ ನಡೆಯಿತು. ಗ್ಯಾಸ್ ಇನ್ನಷ್ಟು ತಿರುಗಿಸಿದೆ, ಮಸಿ ಇನ್ನಷ್ಟು ಎದ್ದಿತು.

"ಇದಕ್ಕಿಂತ ಕಲ್ಲಿದ್ದಲೇ ವಾಸಿ ಇತ್ತಲ್ಲಪ್ಪ," ಎಂದರು ಓನರಮ್ಮ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತೀರ್ಮಾನವಿತ್ತು. ನನ್ನ ಹೆಂಡತಿ ದೊಡ್ಡ ಸುತ್ತಿಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

ಅಷ್ಟರಲ್ಲಿ ಭಾಯ್ ಬಂದರು. ನಮ್ಮ ಕಡೆ ಅಂದು ಬನ್ನಿ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಎಂದು ಹಾರೈಸುವ ರೂಢಿ, ಅದಕ್ಕೆಂದು ಅವರನ್ನು ಕರೆದಿದ್ದೆವು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಅತ್ತರು. ಬಂದವರೇ ಗಾಳಿ ಮೂಸಿದರು, ಯಾರನ್ನೂ ಏನೂ ಕೇಳದೆ ಗ್ಯಾಸ್ ಬಂದ್ ಮಾಡಿದರು. ಪೈಪು ಆರಿದ ಮೇಲೆ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರು. ಗಾಳಿಯ ತೂತುಗಳಲ್ಲಿ ಅರಿಶಿನ ಒಣಗಿ ಗಾರೆಯಾಗಿತ್ತು, ಜೆಟ್ಟಿನ ಕಣ್ಣಲ್ಲಿ ಕುಂಕುಮ ಕೂತಿತ್ತು. ಭಾಯ್ ನನ್ನ ಹೆಂಡತಿಯ ಬೆರಳುಗಳನ್ನು ನೋಡಿದರು. ಅವು ಇನ್ನೂ ಹಳದಿಯಾಗಿದ್ದವು. ಅವಳಿಗೆ ಅರ್ಥವಾಗಿ ಕಣ್ಣು ತುಂಬಿತು. ನಾಲ್ಕು ಜನರ ಮುಂದೆ ಅವರು ಬೈದಿದ್ದರೆ ನಾನು ತಡೆಯುತ್ತಿರಲಿಲ್ಲ. ಅವರ ಶ್ರಮವೂ ಅದರಲ್ಲಿತ್ತು, ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರು ಬೈಯಲಿಲ್ಲ.

"ಪೂಜೆ ಮಾಡಿದ್ದು ತಪ್ಪಲ್ಲ ತಂಗಿ. ಕುಂಕುಮ ಹಣೆಗೆ ಇಡ್ತಾರೆ, ಇದಕ್ಕೆ ಮೂಗಿಗೆ ಇಟ್ಬಿಟ್ಟಿದ್ದೀರ. ಇದಕ್ಕೆ ಹಣೆ ಎಲ್ಲಿದೆ ಅಂತ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ."

ಕಿವಿಯ ಮೇಲಿನ ಸ್ಟೌ ಪಿನ್ನು ಕೈಗೆ ಬಂತು. ಚುಚ್ಚಿದರು, ಬಾಯಿಟ್ಟು ಊದಿದರು, ತುಟಿಯೆಲ್ಲ ಕುಂಕುಮ. ಬಿಳಿ ಜುಬ್ಬಾದ ಅಂಚಿನಿಂದಲೇ ತೂತುಗಳನ್ನು ಒರೆಸಿದರು. ಎಲ್ಲ ಜೋಡಿಸಿ ನನಗೆ ಕಡ್ಡಿಪೆಟ್ಟಿಗೆ ಕೊಟ್ಟು ತಾವು ಹಿಂದೆ ಸರಿದು ನಿಂತರು. ಗೀರಿದೆ, ತಿರುಗಿಸಿದೆ. ಫಡಫಡ. ಆಮೇಲೆ ಗೊರ್.

ಓನರಮ್ಮ ಉರಿ ನೋಡಿದರು. ಮೆಟ್ಟಿಲು ಹತ್ತಿ ತಾರಸಿಗೂ ಹೋಗಿ ನೋಡಿ ಬಂದರು. ಆ ಹೊತ್ತಿಗೆ ನನ್ನ ಹೆಂಡತಿ ನಾಲ್ಕಾರು ಏಟು ಹಾಕಿ ಉಳಿಗೆ ಮೊನೆ ತಂದಿದ್ದಳು, ನಾನು ನೀರಿಗೆ ಅದ್ದಿ ಹದ ಹಾಕುತ್ತಿದ್ದೆ. "ಸೌಂಡ್ ಜಾಸ್ತಿ ಇದೆ. ಮಧ್ಯಾಹ್ನ ಮೇಲಿನ ಮನೆ ಪಾಪು ಮಲಗೋ ಹೊತ್ತಲ್ಲಿ ಆರ್ಸಿ," ಎಂದಷ್ಟೇ ಹೇಳಿ ಒಳಗೆ ಹೋದರು. ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಬೆಂಗಳೂರಿನಲ್ಲಿ ಕೇಳಿಲ್ಲ.

ಅಂದು ಊಟವಾದ ಮೇಲೆ ಭಾಯ್ ನನ್ನ ಅರ ಕೇಳಿ ಪಡೆದರು. ತೂತುಗಳಿಂದ ಒಂದು ಗೇಣು ದೂರ, ಪೈಪಿನ ಬೆನ್ನ ಮೇಲೆ, ಉಜ್ಜಿ ಉಜ್ಜಿ ಬೊಟ್ಟಿನಗಲದ ಒಂದು ಹೊಳೆಯುವ ಗುರುತು ಮಾಡಿದರು. "ಇದು ಹಣೆ," ಎಂದರು. ನನ್ನ ಹೆಂಡತಿ ಅಲ್ಲಿ ಕುಂಕುಮ ಇಟ್ಟು, ಅವರ ಕೈಗೆ ಬನ್ನಿ ಎಲೆ ಕೊಟ್ಟಳು.

ಆಮೇಲೆ ಕೆ.ಆರ್. ಪುರದ ಕಡೆಯ ಕಮ್ಮಾರರೂ ನಮ್ಮ ಬೆಂಕಿ ನೋಡಲು ಬಂದರು. ಭಾಯ್ ಎದುರಿಗಿದ್ದರೆ, ಅದು ತಮ್ಮದೇ ಡಿಸೈನು, ಮೊದಲ ಸಲಕ್ಕೇ ಹತ್ತಿಕೊಂಡಿತು ಎನ್ನುತ್ತಿದ್ದರು. ಕುಂಕುಮದ ಕಥೆಯನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ಬಡಾಯಿ ಕೊಚ್ಚುವಾಗಲೂ ತಂಗಿಯ ಮಾನ ಕಾಯುವಷ್ಟು ಎಚ್ಚರ ಅವರಿಗಿತ್ತು.

ವರ್ಷಗಳ ನಂತರ ಅವರಿಗೆ ಎದೆ ನೋವು ಬಂದು, ಮಗಳು ಅಂಗಡಿ ಮುಚ್ಚಿಸಿದಳು. ನಾವಿಬ್ಬರೂ ನೋಡಲು ಹೋದೆವು. ಮಂಚದ ಮೇಲೆ ಕೂತಿದ್ದವರು ಯಾರೋ ಬೇರೆಯವರೆನ್ನಿಸಿತು. ನೋಡಿದರೆ, ಕಣ್ಣಿನ ಮೇಲೆ ಎರಡು ದಪ್ಪ ಬಿಳಿ ಹುಬ್ಬು. ನಾನು ನೋಡುತ್ತಿರುವುದನ್ನು ಕಂಡು ಅವರು ಕೈಯಿಂದ ಹಣೆ ಮುಚ್ಚಿಕೊಂಡರು.

"ಸುಡೋಕೆ ಬೆಂಕಿ ಇಲ್ದೆ ಬೆಳೆದ್ಬಿಟ್ವು. ಕೆಲ್ಸ ಇಲ್ಲ ಅನ್ನೋದು ಮುಖದ ಮೇಲೇ ಬಂದ್ಬಿಡ್ತು, ಉಸ್ತಾದ್."

ನನ್ನ ಹೆಂಡತಿ, ಹುಬ್ಬು ಬಂದ ಮೇಲೆ ಮದುಮಗನ ಹಾಗೆ ಕಾಣುತ್ತೀರಿ ಎಂದು ನಗಿಸಿದಳು. ನಾವು ಹೊರಟಾಗ ಅವರು ಕಿವಿಯ ಮೇಲಿನ ಸ್ಟೌ ಪಿನ್ನು ತೆಗೆದು ಅವಳ ಕೈಗಿಟ್ಟರು. ಅದೇ ಕೊನೆಯ ಭೇಟಿ. ಸುದ್ದಿ ಬಂದ ದಿನ ನಾವು ಬೆಂಕಿ ಹಚ್ಚಲಿಲ್ಲ. ಕೆಲಸಕ್ಕೆ ಬಂದವರಿಗೆ, ಮನೆಯವರೊಬ್ಬರು ಹೋದರು ಎಂದು ಹೇಳಿ ಕಳಿಸಿದೆ.

ಈಗ ಬರ್ನರ್ ಅದೇ ಅಲ್ಲ. ಬೆಂಕಿಯ ಬಾಯಲ್ಲಿರುವ ಪೈಪು ಎಷ್ಟು ದಿನ ತಡೆದೀತು, ಸುಟ್ಟು ಹೋದಾಗಲೆಲ್ಲ ಹೊಸದು ಮಾಡುತ್ತೇನೆ. ಪೈಪು ತಂದ ಕೂಡಲೇ ಗಾಳಿಗೆ ತೂತು ಕೊರೆಯುವುದಿಲ್ಲ. ಮೊದಲು ಅರ ತೆಗೆದುಕೊಂಡು ಬೆನ್ನ ಮೇಲೆ ಹಣೆ ಮಾಡುತ್ತೇನೆ, ನನ್ನ ಹೆಂಡತಿ ಅಲ್ಲಿ ಒಂದು ಬೊಟ್ಟು ಕುಂಕುಮ ಇಡುತ್ತಾಳೆ. ಆಮೇಲೆ ಮೂಗು.