ಅವಳ ಬೆನ್ನ ಹಿಂದಿನ ಕುರ್ಚಿ

ಕೋವಿಡ್ ಮುಗಿದು ಕಾಲೇಜಿನ ಕಾರಿಡಾರಿನಲ್ಲಿ ಮತ್ತೆ ಗಲಾಟೆ ಶುರುವಾದ ವರ್ಷ. ಮಿಜಾರಿನ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ. ಲಾಯಿಲದ ವಿಜಯಶ್ರೀ ನನ್ನ ಬಳಿಯೇ ಪಿಎಚ್‌ಡಿ ಮುಗಿಸಿ, ನನ್ನದೇ ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ದುಡಿಯುತ್ತಿದ್ದಳು.

ಹೊಸ ವಿಜ್ಞಾನಿಗಳಿಗೆಂದು ಒಂದು ಫೆಲೋಶಿಪ್ ಇತ್ತು. ಐದು ವರ್ಷ ಸಂಬಳ, ಸ್ವಂತ ಹೆಸರಿನಲ್ಲೇ ಒಂದು ಲ್ಯಾಬ್. ಮುಖ್ಯ ಷರತ್ತು: ಸಂಶೋಧನೆಯ ಪ್ರಶ್ನೆ ಅಭ್ಯರ್ಥಿಯದ್ದೇ ಆಗಿರಬೇಕು, ಗೈಡಿನ ಕೆಲಸದ ಬಾಲವಾಗಿರಬಾರದು. ಪಿಎಚ್‌ಡಿಯಾಗಿ ಇಂತಿಷ್ಟು ವರ್ಷ ಕಳೆದರೆ ಅರ್ಜಿ ಹಾಕುವಂತಿಲ್ಲ. ವಿಜಯಶ್ರೀಗೆ ಉಳಿದದ್ದು ಎರಡೇ ಅವಕಾಶ. ಅವೂ ತಪ್ಪಿದರೆ ಜೀವನಪೂರ್ತಿ ಇನ್ನೊಬ್ಬರ ಸಹಾಯಕಿ.

ಅವಳ ಪ್ರಶ್ನೆ ಸೊಗಸಾಗಿತ್ತು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಮಳೆನೀರು ನಿಲ್ಲುತ್ತದೆ. ಅವು ಸೊಳ್ಳೆಗಳ ತವರುಮನೆ, ಎಲ್ಲವನ್ನೂ ಮುಚ್ಚಿಸಬೇಕು ಎಂದು ನಾನು ಹಿಂದೆ ಪ್ರಬಂಧ ಬರೆದಿದ್ದೆ. ಆದರೆ ನಾರಾವಿ ಕಡೆಯ ಹಳೆಯ ಕೋರೆಗಳಲ್ಲಿ ಸೊಳ್ಳೆಮರಿಗಳೇ ಇಲ್ಲದ್ದನ್ನು ಅವಳು ಗಮನಿಸಿದ್ದಳು. ಯಾಕೆ ಇಲ್ಲ? ಅದೇ ಪ್ರಶ್ನೆ. ಹಾಗಿದ್ದೂ ಅರ್ಜಿಯ ತುಂಬ ‘ನಮ್ಮ ಗುರುಗಳ ಮಾರ್ಗದರ್ಶನದಲ್ಲಿ’ ಎಂದು ನನ್ನ ಹೆಸರು ಸೇರಿಸಿ ಬರೆದಿದ್ದಳು. ನಮ್ಮೂರಿನಲ್ಲಿ ಹಿರಿಯರನ್ನು ಮುಂದಿಟ್ಟೇ ಮಾತು ಶುರುವಾಗುವುದು. ಓದಿ ನಾನು ಹಿಗ್ಗಿದೆನೇ ಹೊರತು ತಿದ್ದಲಿಲ್ಲ.

ಸಂದರ್ಶನ ವಿಡಿಯೋದಲ್ಲಿ. ‘ಹೆದರಬೇಡ, ನಾನಿದ್ದೇನಲ್ಲ’ ಎಂದು ಇಸ್ತ್ರಿ ಅಂಗಿ ತೊಟ್ಟು ಅವಳ ಬೆನ್ನ ಹಿಂದೆ ಕುರ್ಚಿ ಹಾಕಿ ಕುಳಿತೆ. ಪ್ರತಿ ಪ್ರಶ್ನೆಗೂ ಅವಳು ನನ್ನತ್ತ ತಿರುಗಿ ನೋಡಿ ಉತ್ತರಿಸಿದಳು. ಕೊನೆಗೆ ಸಮಿತಿಯವರೊಬ್ಬರು, ‘ಹಿಂದೆ ಕುಳಿತವರು ಯಾರು?’ ಎಂದರು. ತಿಂಗಳ ನಂತರ ತಿರಸ್ಕಾರದ ಪತ್ರ ಬಂತು: ‘ಪ್ರಶ್ನೆ ಒಳ್ಳೆಯದು. ಯಾರದ್ದು ಎಂದು ತಿಳಿಯಲಿಲ್ಲ.’

ನಾನು ಸಮಿತಿಗೆ ಮನಸಾರೆ ಬೈದೆ. ಮೂಡುಬಿದಿರೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡು, ‘ಪರೀಕ್ಷೆ ಅವಳಿಗಾ ನಿಮಗಾ? ನೀವೆಂತಕ್ಕೆ ಇಸ್ತ್ರಿ ಅಂಗಿ ಹಾಕಿ ಕೂತದ್ದು?’ ಎಂದಳು. ಹುಡುಗಿಯ ಒಂದು ವರ್ಷವನ್ನು ಹಾಳು ಮಾಡಿದವನು ನಾನೇ. ನಿಜಕ್ಕೂ ನಾಚಿಕೆಯಾಯಿತು.

ಮರುವರ್ಷ ಕೆಂಪು ಪೆನ್ನು ಹಿಡಿದು ಅರ್ಜಿಯಲ್ಲಿ ನನ್ನ ಹೆಸರು ಹೊಡೆದುಹಾಕುತ್ತ ಹೋದೆ. ಹದಿನೇಳು ಕಡೆ ಇತ್ತು. ವಿಜಯಶ್ರೀ ಕಂಗಾಲು.

‘ಹೆಸರು ತೆಗೆದ್ರೆ ಅಹಂಕಾರ ಅಂತ ಆಗ್ತದೆ ಸರ್.’

‘ಇಟ್ಟರೆ ಸುಳ್ಳಾಗ್ತದೆ.’

ಸಂದರ್ಶನದ ದಿನ ರಜೆ ಹಾಕಿ ಬಂಟ್ವಾಳಕ್ಕೆ ಹೋಗಿ, ಫೋನ್ ಆಫ್ ಮಾಡಿ ಹೋಟೆಲಿನಲ್ಲಿ ಕುಳಿತೆ. ಹತ್ತಿರವಿದ್ದರೆ ಬಾಗಿಲ ಸಂದಿಯಲ್ಲಾದರೂ ಇಣುಕಿಬಿಡುತ್ತೇನೆಂದು ನನ್ನ ಮೇಲೇ ನನಗೆ ಗುಮಾನಿ. ಎರಡನೇ ಪ್ಲೇಟ್ ಗೋಳಿಬಜೆ ಬಂದಾಗ ತಡೆಯಲಾರದೆ ಫೋನ್ ಆನ್ ಮಾಡಿದೆ. ಕೂಡಲೇ ವಿಜಯಶ್ರೀಯ ಕರೆ ಬಂತು.

‘ಸರ್, ಬೈಬೇಡಿ. ನಿಮ್ಮ ಪ್ರಬಂಧದ ಬಗ್ಗೆ ಕೇಳಿದ್ರು. ಅದು ತಪ್ಪು ಅಂತ ಹೇಳಿಬಿಟ್ಟೆ.’

ಕಚ್ಚಿದ್ದ ಗೋಳಿಬಜೆಯನ್ನು ಪ್ಲೇಟಿಗೇ ವಾಪಸ್ ಇಟ್ಟೆ. ಸುಳ್ಳೇಕೆ, ಒಂದು ಕ್ಷಣ ಸಿಟ್ಟೇ ಬಂತು. ನೀರು ಕುಡಿದು ಕೇಳಿದೆ, ‘ಕಾರಣ ಕೊಟ್ಟಿಯಾ?’

‘ಕೊಟ್ಟೆ ಸರ್. ನೀವು ನೋಡಿದ್ದು ಹೊಸ ಕೋರೆಗಳು ಮಾತ್ರ. ಹಳೆಯದರ ನೀರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಉಂಟು, ಅವು ಸೊಳ್ಳೆಮರಿ ತಿಂತವೆ ಅಂತ ನನ್ನ ಲೆಕ್ಕ. ಮುಚ್ಚಬಾರದು ಅಂದೆ.’

‘ಹಾಗಾದ್ರೆ ಸಿಕ್ಕಿತು ಬಿಡು ಮಾರಾಯ್ತಿ!’

ಸಿಕ್ಕಿತು. ಕಾಲೇಜಿನ ಹಳೆಯ ಸ್ಟೋರ್‌ರೂಮ್ ಈಗ ಅವಳ ಲ್ಯಾಬ್. ನಿವೃತ್ತನಾದ ಮೇಲೆ ಒಮ್ಮೆ ಹೋದಾಗ ‘ಚಪ್ಪಲಿ ಹೊರಗೆ ಸರ್’ ಎಂದು ನನಗೇ ಆಜ್ಞೆಯಾಯಿತು. ಆಮೇಲೆ ತನ್ನ ಮೊದಲ ಸ್ವತಂತ್ರ ಪ್ರಬಂಧವನ್ನು ಕೈಗಿತ್ತಳು. ಹದಿನೇಳು ಕಡೆ ಇದ್ದ ನನ್ನ ಹೆಸರು ಇದರಲ್ಲಿ ಒಂದೇ ಕಡೆ ಇತ್ತು, ತಿದ್ದಬೇಕಾದ ಹಳೆಯ ತೀರ್ಮಾನಕ್ಕೆ ಉದಾಹರಣೆಯಾಗಿ.

ಶಿಷ್ಯರನ್ನು ಬೆಳೆಸುವುದೆಂದರೆ ಅವರ ಹಿಂದೆ ಕೂರುವುದೆಂದು ಬಹಳ ಕಾಲ ತಿಳಿದಿದ್ದೆ. ಎದ್ದು ಹೋಗುವುದೂ ಅದೇ ಕೆಲಸದ ಭಾಗವೆಂದು ಕಲಿಸಿದವಳು ವಿಜಯಶ್ರೀ. ಅಂದು ಮನೆಗೆ ಬಂದು ಇಸ್ತ್ರಿ ಅಂಗಿ ತೊಟ್ಟು, ನನ್ನ ತಪ್ಪು ಅಚ್ಚಾದ ಆ ಪುಟವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.